ಹಸಿರು ಪೊಟ್ಟಣದ ಮೇಲೆ ಹೊರಿಸಿದ ತಪ್ಪು

ಬೆಳಗಿನ ಐದೂವರೆ. ತೈವಾನಿನ ತೈಚುಂಗ್ ರೈಲು ನಿಲ್ದಾಣದ ಹಿಂದಿನ ಹಳೇ ಎಲೆಕ್ಟ್ರಾನಿಕ್ಸ್ ಮಳಿಗೆ. ಎರಡನೇ ಮಹಡಿಯಲ್ಲಿ ಒಂದೇ ಒಂದು ಅಂಗಡಿಯ ಬಾಗಿಲು ಅರ್ಧ ಎತ್ತಿದೆ. ಬಗ್ಗಿ ಒಳಗೆ ಹೋದರೆ ಮೇಜಿನ ಮೇಲೆ ಪಕ್ಕೆ ಬಿಚ್ಚಿದ ಕಂಪ್ಯೂಟರ್ ಪೆಟ್ಟಿಗೆ, ಅದರ ಮುಂದೆ ಸ್ಟೂಲಿನಲ್ಲಿ ಕಣ್ಣು ಮುಚ್ಚಿ ಕೂತ ಐವತ್ತೇಳರ ತೂ ಜಿನ್‌ಫಾ; ಎಲ್ಲರಿಗೂ ಇವರು ಫಾ. ನಿದ್ದೆಯಲ್ಲ. ಬಲಗೈ ಬೆರಳುಗಳ ಹಿಂಬದಿಯನ್ನು ಪ್ರೊಸೆಸರ್ ತಣಿಸುವ ಕೂಲರ್‌ನ ಲೋಹದ ರೆಕ್ಕೆಗಳಿಗೆ ಸೋಕಿಸಿಕೊಂಡು ಕೂತಿದ್ದಾರೆ. ಮಗುವಿಗೆ ಜ್ವರ ಇದೆಯೇ ಎಂದು ತಾಯಂದಿರು ನೋಡುವುದೂ ಹೀಗೆಯೇ, ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ.

"ಬನ್ನಿ, ಕೂತ್ಕೊಳ್ಳಿ. ಒಂದ್ ನಿಮಿಷ ಮಾತಾಡ್ಬೇಡಿ," ಎನ್ನುತ್ತಾರೆ, ಪತ್ರಿಕೆಗೆಂದು ಮಾತಾಡಿಸಲು ಬಂದವರಿಗೆ, ಕಣ್ಣು ತೆರೆಯದೆ.

ಪರದೆಯ ಮೇಲೆ ಪ್ರೊಸೆಸರ್‌ನ ಶಾಖದ ಅಂಕಿ ಏರುತ್ತಿದೆ. ಎಪ್ಪತ್ತೆರಡು, ಎಂಬತ್ತೊಂದು, ತೊಂಬತ್ನಾಲ್ಕು ಡಿಗ್ರಿ. ಅವರು ಮುಟ್ಟಿರುವ ರೆಕ್ಕೆಗಳು ಮಾತ್ರ ಕಲ್ಲುಬೆಂಚಿನ ಹಾಗೆ ತಣ್ಣಗಿವೆ.

"ಒಳಗೆ ಕುದೀತಿದೆ, ಮೇಲೆ ತಣ್ಣಗಿದೆ. ಅಂದ್ರೇನು? ಬಿಸಿ ಮೇಲಕ್ಕೆ ಹತ್ತುತಾನೇ ಇಲ್ಲ. ಮಧ್ಯ ಏನೋ ಅಡ್ಡ ಕೂತಿದೆ. ರೆಕ್ಕೆನೂ ಸುಡ್ತಿದ್ರೆ ಆಗ ಗಾಳಿದು ತಪ್ಪು. ಇಷ್ಟೇ ವಿದ್ಯೆ. ಇದಕ್ಕೆ ಇಪ್ಪತ್ತೆರಡು ವರ್ಷ ಹಿಡೀತು ನಂಗೆ."

ಯಂತ್ರ ಆರಿಸಿ, ನಾಲ್ಕು ತಿರುಪು ಬಿಚ್ಚಿ, ಕೂಲರ್ ಎತ್ತಿ ಮಗುಚುತ್ತಾರೆ. ತಾಮ್ರದ ತಳಕ್ಕೆ ಪಾರದರ್ಶಕ ಪೊರೆಯೊಂದು ಹಾಗೇ ಅಂಟಿಕೊಂಡಿದೆ. ಕಾರ್ಖಾನೆಯಲ್ಲಿ ಗೀರು ಬೀಳದಿರಲೆಂದು ಹಚ್ಚಿದ್ದು. 'ಕೂರಿಸುವ ಮೊದಲು ತೆಗೆಯಿರಿ' ಎಂಬ ಕೆಂಪಕ್ಷರ ಬಿಸಿ ದಾಟಿಸಲೆಂದು ಹಚ್ಚುವ ಬೂದು ಪೇಸ್ಟಿನಡಿ ಮಸುಕಾಗಿ ಕಾಣುತ್ತಿದೆ. ಬರುವ ವಾರ ಪರೀಕ್ಷೆ ಇರುವ ಕಾಲೇಜು ಹುಡುಗಿಯೊಬ್ಬಳು ವೀಡಿಯೊ ನೋಡಿಕೊಂಡು ತಾನೇ ಹಾಕಿಕೊಂಡ ಕೂಲರ್ ಇದು. ಫಾ ನಗುವುದಿಲ್ಲ. ಚಿಮಟದಿಂದ ಪೊರೆಯನ್ನು ಮೆಲ್ಲಗೆ ಎಬ್ಬಿಸಿ, ಬಟ್ಟೆಯಲ್ಲಿ ಒರೆಸಿ, ಮೇಜಿನ ಖಾನೆಯಿಂದ ದಪ್ಪ ನೋಟುಪುಸ್ತಕ ತೆಗೆದು ಅದರಲ್ಲಿ ಅಂಟಿಸುತ್ತಾರೆ. ಪಕ್ಕದಲ್ಲಿ ತಾರೀಖು, ಹುಡುಗಿಯ ಹೆಸರು, ಕ್ರಮಸಂಖ್ಯೆ: ಇನ್ನೂರ ಹದಿನೈದು.

ಬೇರೆ ಅಂಗಡಿಗಳು ಹನ್ನೊಂದಕ್ಕೆ ತೆರೆಯುವಲ್ಲಿ ಇವರು ಐದೂವರೆಗೇ ಬರಲು ಕಾರಣವಿದೆ. ಆ ಹೊತ್ತಿಗೆ ಮಳಿಗೆ ಮೌನವಾಗಿರುತ್ತದೆ, ಫ್ಯಾನಿನ ಅಚ್ಚು ಸವೆದಿದ್ದರೆ ಕಿವಿಗೆ ಬೀಳುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಹವೆ ತಂಪಾಗಿರುತ್ತದೆ. "ಈ ಹೊತ್ತಲ್ಲಿ ಬಿಸಿಯಾದ ಯಂತ್ರ ಸುಳ್ಳು ಹೇಳಲ್ಲ," ಎನ್ನುತ್ತಾರೆ. "ಬಿಸಿಲು ಜಾಸ್ತಿ, ರೂಮು ಸೆಕೆ, ಅಂತ ನಾನೂ ನೆಪ ಹೇಳೋಕಾಗಲ್ಲ."

ಫಾ ಅವರದು ನಾಂತೌ ಕಡೆಯ ಬೆಟ್ಟದ ಊರು. ಅಪ್ಪನದು ಸ್ಕೂಟರ್ ರಿಪೇರಿ. ಎಂಜಿನ್ ಬಿಸಿ ನೋಡಲು ಕೈ ಇಡುವುದನ್ನು ಕಲಿತದ್ದು ಅಲ್ಲಿ. ಸೈನ್ಯದ ಕಡ್ಡಾಯ ಸೇವೆಯಲ್ಲಿ ಎರಡು ವರ್ಷ ಜನರೇಟರ್ ಕಾದರು. ಊರಿಗೆ ಮರಳುವಷ್ಟರಲ್ಲಿ ಅಪ್ಪನ ಅಂಗಡಿ ಮುಚ್ಚಿತ್ತು. ಈ ಮಳಿಗೆಗೆ ಮೊದಲು ಬಂದದ್ದು ಪೆಟ್ಟಿಗೆ ಹೊರುವ ಕೂಲಿಯಾಗಿ. ಗಿರಾಕಿಗಳು ವಾಪಸು ತಂದ ಕೆಟ್ಟ ಯಂತ್ರಗಳನ್ನು ಮೂಲೆಯಲ್ಲಿ ಬಿಚ್ಚಿ ಬಿಚ್ಚಿ ಕಲಿತರು. ಇಂಗ್ಲಿಷ್ ಕೈಪಿಡಿ ಇಂದಿಗೂ ಓದಲು ಬಾರದು. ಚಿತ್ರ ನೋಡುತ್ತಾರೆ, ಸಾಲದಿದ್ದರೆ ಬಿಚ್ಚುತ್ತಾರೆ.

ದಿನಕ್ಕೆ ಆರೇಳು ಯಂತ್ರ ಬರುತ್ತವೆ. ಹೆಚ್ಚಿನವು ಒಂದೇ ಥರದವು: ಯಾರೋ ಹೊಸದಾಗಿ ದೊಡ್ಡ ಕೂಲರ್ ತಂದು ಹಾಕಿದ್ದಾರೆ, ಹಾಕಿದ ಮೇಲೆ ಶಾಖ ಇಳಿಯುವ ಬದಲು ಏರಿದೆ. ಒಬ್ಬರು ಪೇಸ್ಟನ್ನು ಬ್ರೆಡ್ಡಿಗೆ ಬೆಣ್ಣೆ ಸವರಿದಂತೆ ಸವರಿರುತ್ತಾರೆ, ಇನ್ನೊಬ್ಬರು ಹಚ್ಚುವುದನ್ನೇ ಮರೆತಿರುತ್ತಾರೆ. ಒಂದು ಮೂಲೆಯ ತಿರುಪನ್ನು ಪೂರ್ತಿ ಬಿಗಿದು ಆಮೇಲೆ ಎದುರು ಮೂಲೆಗೆ ಹೋದರೆ ಕೂಲರ್ ಓರೆ ಕೂರುತ್ತದೆ. ಎರಡು ಫ್ಯಾನು ಎದುರುಬದುರು ಊದುತ್ತ ಜಗಳಕ್ಕೆ ನಿಂತಿರುವುದೂ ಉಂಟು. ನೀರು ತಿರುಗಿಸುವ ಮಾದರಿಯದಾದರೆ ಪಂಪಿನ ತಂತಿ ಸಿಕ್ಕಿಸದೆ ಬಿಟ್ಟಿರುತ್ತಾರೆ. ನೋಡಿ ಹೇಳುವುದಕ್ಕೆ ಇವರು ಕೇಳುವುದು ಮುನ್ನೂರು ತೈವಾನ್ ಡಾಲರ್. ಹುಡುಗಿಯರು, ಹುಡುಗರು ಪರೀಕ್ಷೆ ಅಂದರೆ ಅದೂ ಇಲ್ಲ.

"ಫಾ ಅಣ್ಣಂಗೆ ವ್ಯಾಪಾರ ಬರಲ್ಲ," ಎನ್ನುತ್ತಾರೆ ಎದುರಿನ ಅಂಗಡಿಯ ಲಿಯಾವ್. ಮೊಬೈಲಿನ ಕವಚ ಮಾರುವ ಈಕೆ ಹತ್ತೂಕಾಲಿಗೆ ಸೋಯಾ ಹಾಲು, ಅಕ್ಕಿಸುರುಳಿ ಹಿಡಿದು ಬಂದು, ಫಾ ಮುಂದೆ ಒಂದು ಪಾಲು ಇಟ್ಟು, ಬೈಯಲು ಶುರುಮಾಡುತ್ತಾರೆ. "ಆ ಪ್ಲಾಸ್ಟಿಕ್ ಕಸಾನ ಪುಸ್ತಕದಲ್ಲಿ ಅಂಟಿಸ್ಕೊಂಡು ಕೂತಿರ್ತಾನೆ. ಜನ ಅಂಚೆಚೀಟಿ ಕೂಡಿಡ್ತಾರೆ, ನಾಣ್ಯ ಕೂಡಿಡ್ತಾರೆ. ಇವನ್ನ ನೋಡಿ."

"ನೀನು ಗಂಡನ ಬೈಗುಳ ಕೂಡಿಟ್ಟಿಲ್ವ, ಹಾಗೇ ಇದು," ಎನ್ನುತ್ತಾರೆ ಫಾ.

"ಅದಕ್ಕೆ ಪುಸ್ತಕ ಸಾಲಲ್ಲ ಅಣ್ಣ, ಗೋದಾಮು ಬೇಕು."

ಆ ಪುಸ್ತಕದ ಮೊದಲ ಪುಟದಲ್ಲಿ ಒಂದೇ ಒಂದು ಪೊರೆ ಇದೆ. ಎಂಟು ವರ್ಷದ ಹಿಂದಿನ ತಾರೀಖು ಇದೆ. ಹೆಸರಿನ ಜಾಗ ಮಾತ್ರ ಖಾಲಿ. ಯಾರದು ಎಂದು ಕೇಳಿದಾಗ ಫಾ ತಿನ್ನುವುದನ್ನು ನಿಲ್ಲಿಸಿದರು. ಅಕ್ಕಿಸುರುಳಿಯನ್ನು ಕಾಗದದಲ್ಲಿ ಮತ್ತೆ ಮಡಚಿಟ್ಟರು. ಲಿಯಾವ್ ತಮ್ಮ ಅಂಗಡಿಗೆ ಹೋದ ಮೇಲೆ ಹೇಳಿದರು. "ಅದು ಗಿರಾಕಿ ಬಿಟ್ಟಿದ್ದಲ್ಲ. ನಾನೇ ಬಿಟ್ಟಿದ್ದು."

ಜುವೊ ಸೂಯುನ್ ಪ್ರಾಥಮಿಕ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದವರು. ಮಳಿಗೆಯಲ್ಲಿ ಎಲ್ಲರಿಗೂ ಅವರು ಜುವೊ ಟೀಚರ್. ಅವರ ತಂದೆ ಹುವೇಯ್ ಊರಿನಲ್ಲಿ ಕೈಗೊಂಬೆಯಾಟದ ಮೇಳ ಕಟ್ಟಿ ನಲವತ್ತು ವರ್ಷ ಗುಡಿಗಳ ಮುಂದೆ ಆಡಿಸಿದವರು. ತಂದೆ ಹೋದ ಮೇಲೆ ಅಟ್ಟದಲ್ಲಿ ಮೂವತ್ತೆಂಟು ಹಳೇ ವೀಡಿಯೊ ಟೇಪುಗಳು ಸಿಕ್ಕವು. ನಿವೃತ್ತಿಯಾದ ವರ್ಷ ಟೀಚರ್ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಒಳ್ಳೆಯ ಭಾಗಗಳನ್ನು ಆರಿಸಿ, ಎರಡು ಗಂಟೆಯ ಒಂದೇ ಚಿತ್ರ ಮಾಡಲು ಕೂತರು. ಮೇಳದ ಮೂವರು ಇನ್ನೂ ಬದುಕಿದ್ದರು: ಡೋಲಿನ ಕುನ್, ಓಲಗ ಊದುತ್ತಿದ್ದ ಶೂಯ್, ಗೊಂಬೆ ಆಡಿಸುತ್ತಿದ್ದ ತಿಯಾನ್. ಎಲ್ಲರಿಗೂ ಎಂಬತ್ತು ದಾಟಿತ್ತು. ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ ಮೂವರನ್ನೂ ಮನೆಗೆ ಕರೆದು ತೋರಿಸುವುದು ಎಂದು ನಿಶ್ಚಯವಾಯಿತು.

ಹಳೇ ಫ್ಯಾನಿನ ಸದ್ದಿನಲ್ಲಿ ಡೋಲಿನ ಪೆಟ್ಟು ಸರಿಯಾಗಿ ಕೇಳುವುದಿಲ್ಲ, ಸದ್ದಿಲ್ಲದ್ದು ಹಾಕಿಕೊಡಿ ಎಂದು ಟೀಚರ್ ಯಂತ್ರವನ್ನು ಫಾ ಅಂಗಡಿಗೆ ತಂದದ್ದು ಆಗಸ್ಟಿನಲ್ಲಿ. ಫಾ ದೊಡ್ಡ ಗೋಪುರದಂಥ ಕೂಲರ್ ಕೂರಿಸಿಕೊಟ್ಟರು. "ಅವತ್ತು ಹದಿನಾಲ್ಕು ಯಂತ್ರ ಇತ್ತು. ಟೀಚರ್‌ದು ಎಷ್ಟನೇದೋ. ಹಾಕಿ, ಶುರುವಾಯ್ತು ಅಂತ ನೋಡಿ, ಕಳಿಸ್ಬಿಟ್ಟೆ. ಬಿಸಿ ಎಷ್ಟೇರುತ್ತೆ ಅಂತ ನೋಡ್ಲಿಲ್ಲ."

ಸಣ್ಣಪುಟ್ಟ ಕೆಲಸಕ್ಕೆ ಯಂತ್ರ ಚೆನ್ನಾಗಿಯೇ ನಡೆಯಿತು. ಎಲ್ಲ ತುಂಡುಗಳನ್ನು ಸೇರಿಸಿ ಒಂದೇ ಚಿತ್ರ ಮಾಡು ಎಂದು ಹೇಳಿದ ಕೂಡಲೇ ಸುಡಲಾರಂಭಿಸಿ, ಮುಕ್ಕಾಲು ಗಂಟೆಯೊಳಗೆ ತಾನೇ ಆರಿಹೋಗುತ್ತಿತ್ತು. ಮುಗಿಯಲು ಬೇಕಾದದ್ದು ಆರು ಗಂಟೆ. ಟೀಚರ್ ಫೋನು ಮಾಡಿದರು. ಪೇಸ್ಟು ಒಗ್ಗಲು ನಾಲ್ಕು ದಿನ ಬೇಕು, ಮೇಲಾಗಿ ಸೆಕೆ, ಎಂದರು ಫಾ. ನಾಲ್ಕು ದಿನ ಕಳೆದು ಟೀಚರ್ ತಾವೇ ಬಂದು ಮೊಬೈಲಿನಲ್ಲಿ ತೆಗೆದ ಯಂತ್ರದ ಫೋಟೊ ತೋರಿಸಿದರು. ಪೆಟ್ಟಿಗೆಯ ನೆತ್ತಿಯ ಮೇಲೆ, ಬಿಸಿಗಾಳಿ ಹೊರಬರುವ ಜಾಲರಿಯ ಮೇಲೆಯೇ, ಹಸಿರು ಪೊಟ್ಟಣ ಕೂತಿತ್ತು.

ಹಸಿರು ಪೊಟ್ಟಣ ಇಲ್ಲಿ ಯಾವ ಯಂತ್ರದ ಮೇಲಿಲ್ಲ? ತೆಂಗಿನ ರುಚಿಯ ಜೋಳದ ಕುರುಕಲು, 'ಜಾಣಮರಿ' ಎಂದು ಹೆಸರು. ಮೇಲಿಟ್ಟರೆ ಯಂತ್ರ ಹಟ ಮಾಡುವುದಿಲ್ಲ ಎಂದು ನಂಬಿಕೆ. ಬ್ಯಾಂಕಿನ ಯಂತ್ರದ ಮೇಲೂ ಇರುತ್ತದೆ, ಆಸ್ಪತ್ರೆಯದರ ಮೇಲೂ ಇರುತ್ತದೆ. ಹಸಿರೇ ಆಗಬೇಕು, ತಾರೀಖು ಮೀರಿರಬಾರದು, ಯಾರೂ ತಿನ್ನಬಾರದು. ಹಬ್ಬ ಹತ್ತಿರ ಬಂತು, ಯಂತ್ರ ಕೈಕೊಡದಿರಲಿ ಎಂದು ಟೀಚರೂ ಇಟ್ಟಿದ್ದರು.

"ನಾನು ನಕ್ಕುಬಿಟ್ಟೆ," ಎನ್ನುತ್ತಾರೆ ಫಾ. "ಬರೀ ನಗಲಿಲ್ಲ. ಲಿಯಾವ್‌ನ ಕರೆದೆ, ಸಾಲಲ್ಲಿದ್ದವರನ್ನೆಲ್ಲ ಕರೆದೆ. ಬನ್ರೋ ಇಲ್ಲಿ, ಟೀಚರ್ ಯಂತ್ರದ ಮೂಗು ಮುಚ್ಚಿ ಜಾಣಮರಿ ಆಗಿರು ಅಂತಿದಾರೆ, ಅಂದೆ. ಎಲ್ಲ ನಕ್ಕರು. ಟೀಚರೂ ನಕ್ಕರು, ಮುಖ ಕೆಂಪಾಗಿತ್ತು. ಇಡೀ ಜನ್ಮ ಮಕ್ಕಳಿಗೆ ಪಾಠ ಹೇಳಿದವರು."

ಪೊಟ್ಟಣ ತೆಗೆದ ಮೇಲೂ ಯಂತ್ರ ಆರುತ್ತಲೇ ಇತ್ತು. ಹಬ್ಬಕ್ಕೆ ಮೂರು ದಿನ ಇರುವಾಗ ಟೀಚರ್ ಮತ್ತೆ ಫೋನು ಮಾಡಿದರು. ಫಾ ಕೈಯಲ್ಲಿ ಬೇರೆ ಕೆಲಸವಿತ್ತು. ಪೊಟ್ಟಣ ಮತ್ತೆ ಇಟ್ಟಿರುತ್ತೀರಿ ಬಿಡಿ ಟೀಚರ್, ಹಬ್ಬ ಮುಗಿಸಿ ತನ್ನಿ, ಎಂದರು.

ಹಬ್ಬದ ದಿನ ಮೂವರು ಮುದುಕರು ಹುವೇಯ್‌ನಿಂದ ಬಸ್ಸು ಹತ್ತಿ ಬಂದರು. ಕುನ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರಂತೆ. ಚಕ್ಕೋತ ತಿಂದರು, ಮಾಂಸ ಸುಟ್ಟು ತಿಂದರು, ಪರದೆಯ ಮುಂದೆ ಕೂತು ಕಾದರು. ಯಂತ್ರ ಚಾಲೂ ಆಯಿತು, ಆರಿತು. ಚಾಲೂ ಆಯಿತು, ಆರಿತು. ನಾಲ್ಕು ಗಂಟೆಯ ಬಸ್ಸಿಗೆ ಅವರು ಹೊರಟರು. ಮೇಳದ ಒಡೆಯನ ಮಗಳು ಪರದೆ ಕಟ್ಟಿ ಆಟ ಆಡಿಸಲಿಲ್ಲ, ಎಂದು ಕುನ್ ಮೆಟ್ಟಿಲಿಳಿಯುತ್ತ ಅಂದರಂತೆ. ತಮಾಷೆಗೇ. ಆ ಚಳಿಗಾಲದಲ್ಲಿ ಕುನ್ ತೀರಿಕೊಂಡರು.

ಇವೆಲ್ಲ ಫಾ ಅವರಿಗೆ ಗೊತ್ತಾದದ್ದು ಟೀಚರ್ ಬಾಯಿಂದಲೇ. ಕುನ್ ಇನ್ನೂ ಇದ್ದಾಗ, ಹಬ್ಬದ ಮಾರನೇ ದಿನ, ಯಂತ್ರವನ್ನು ಕೈಗಾಡಿಯಲ್ಲಿ ತಂದಿಟ್ಟು, ಮುದುಕರು ಬಂದು ಹೋದ ಕಥೆ ಹೇಳಿ, ಟೀಚರ್ ತಲೆ ಬಾಗಿಸಿದರು. ನಿಮಗೆ ತೊಂದರೆ ಕೊಟ್ಟೆ ಯಜಮಾನ್ರೇ, ಪೊಟ್ಟಣ ಇಟ್ಟಿದ್ದ ದಿನಗಳಲ್ಲೇ ಪೆಟ್ಟು ಬಿದ್ದಿರಬೇಕು, ಎಲ್ಲ ನನ್ನ ಪೆದ್ದುತನ, ಎಂದರು. ಟೀಚರ್ ಮುಂದೆ ಫಾ ಯಂತ್ರ ಬಿಚ್ಚಲಿಲ್ಲ. ಮರುದಿನ ಬೆಳಗಿನ ಜಾವ, ಸೆಕೆ ಇಲ್ಲದಾಗ, ಪೊಟ್ಟಣ ಇಲ್ಲದೆ ಚಾಲೂ ಮಾಡಿದರು. ತೊಂಬತ್ತೆಂಟು. ರೆಕ್ಕೆ ಮುಟ್ಟಿದರು. ತಣ್ಣಗಿತ್ತು.

"ಮುಟ್ಟಿದ್ ಕೂಡ್ಲೇ ಗೊತ್ತಾಯ್ತು. ಬಿಚ್ಚೋದೇ ಬೇಕಿರ್ಲಿಲ್ಲ. ಬಿಚ್ಚಿದೆ. ಪೊರೆ ನಗ್ತಾ ಕೂತಿತ್ತು. ಮೊದಲ್ನೇ ದಿನ ಯಂತ್ರ ತರಿಸಿ ಒಂದೇ ಒಂದ್ಸಲ ಕೈ ಇಟ್ಟಿದ್ರೆ ಸಾಕಿತ್ತು. ಪೊಟ್ಟಣದ ತಪ್ಪಾಗಿದ್ರೆ ರೆಕ್ಕೆ ಸುಡ್ಬೇಕಿತ್ತು. ಫೋಟೊ ನೋಡಿ ನಕ್ಕೆ, ಕೈ ಇಡ್ಲಿಲ್ಲ."

ಆ ಸಂಜೆ ಟೀಚರ್ ಯಂತ್ರ ಒಯ್ಯಲು ಬಂದಾಗ ಏನೆಂದಿರಿ?

"ದೂಳಿತ್ತು, ತೆಗ್ದಿದೀನಿ ಅಂದೆ." ಪುಸ್ತಕ ಮುಚ್ಚುತ್ತ, "ಇನ್ಮೇಲೆ ಪೊಟ್ಟಣ ಮೇಲಿಡ್ಬೇಡಿ ಅಂತಾನೂ ಅಂದೆ. ಅವರು ಸೀಬೆಹಣ್ಣು ತಂದಿದ್ರು, ನಂಗೆ ಅಂತ. ಲಿಯಾವ್ ತಿಂದ್ಲು."

ಅಂದಿನಿಂದ ಫಾ ಬೇರೆಯವರ ತಪ್ಪಿಗೆ ನಕ್ಕಿಲ್ಲ. ಐದೂವರೆಗೆ ಬರುವ ರೂಢಿ ಶುರುವಾದದ್ದು ಅಂದಿನಿಂದ, ಪುಸ್ತಕವೂ ಅಂದಿನಿಂದ. ಜುವೊ ಟೀಚರ್ ಪ್ರತಿ ವರ್ಷ ಹೊಸವರ್ಷಕ್ಕೆ ಮುಂಚೆ, ಮನೆ ಸ್ವಚ್ಛ ಮಾಡುವ ವಾರದಲ್ಲಿ, ಅದೇ ಯಂತ್ರವನ್ನು ಅದೇ ಕೈಗಾಡಿಯಲ್ಲಿ ದೂಳು ತೆಗೆಸಲು ತರುತ್ತಾರೆ. ನಿಮ್ಮ ಕೈ ಬಿಟ್ಟು ಬೇರೆಯವರಿಗೆ ಕೊಡಲ್ಲ ಎನ್ನುತ್ತಾರೆ. ಅದರ ಮೇಲೆ ಪೊಟ್ಟಣ ಇರುವುದಿಲ್ಲ.

"ಈ ವರ್ಷ ಹೇಳ್ಬೇಕು, ಈ ವರ್ಷ ಹೇಳ್ಬೇಕು ಅಂತ ಏಳು ಸಲ ಆಯ್ತು. ನೀವು ಬರೆಯೋದಾದ್ರೆ ಇದನ್ನೂ ಬರೀರಿ. ಇದು ಬಿಟ್ಟು ಒಳ್ಳೇ ಮನುಷ್ಯ ಅಂತ ಬರೆದ್ರೆ ನಾನು ಆ ಪೇಪರ್ ಓದಲ್ಲ. ಆದ್ರೆ ಟೀಚರ್‌ಗೆ ಪೇಪರಲ್ಲಿ ಗೊತ್ತಾಗ್ಬಾರ್ದು. ಮಂಗಳವಾರ ಬರ್ತಾರೆ. ಅಲ್ಲಿವರೆಗೂ ತಡೀರಿ."

ಮಂಗಳವಾರ ಹನ್ನೊಂದೂವರೆಗೆ ಕೈಗಾಡಿಯ ಚಕ್ರದ ಸದ್ದು ಸಾಲಿನ ಆ ಕೊನೆಯಿಂದಲೇ ಕೇಳಿಸುತ್ತದೆ. ಅರವತ್ತೊಂಬತ್ತರ ಟೀಚರ್ ಹೆಣೆದ ಟೋಪಿ ಹಾಕಿದ್ದಾರೆ. ಕೈಯಲ್ಲಿ ಸೀಬೆಹಣ್ಣಿನ ಚೀಲ.

"ಯಜಮಾನ್ರೇ, ನಿಮ್ಮ ಮೊಮ್ಮಗು ಬಂದಿದೆ, ಸ್ನಾನ ಮಾಡಿಸಿ," ಎನ್ನುತ್ತಾರೆ ಯಂತ್ರ ತೋರಿಸಿ. ಫಾ ಎದ್ದು ನಿಂತು ಅವರಿಗೆ ಸ್ಟೂಲು ಕೊಡುತ್ತಾರೆ. ಯಾವತ್ತೂ ಕೊಡದ ಸ್ಟೂಲು.

"ಏನ್ ಸಮಾಚಾರ, ಅಂಗಡಿ ಮುಚ್ತೀರಾ?"

"ಇಲ್ಲ ಟೀಚರ್. ಒಂದ್ ಮಾತು." ಪುಸ್ತಕದ ಮೊದಲ ಪುಟ ತೆಗೆದು ಅವರ ಮಡಿಲಲ್ಲಿ ಇಡುತ್ತಾರೆ. "ಇದು ನಿಮ್ಮ ಯಂತ್ರದ ಒಳಗಿತ್ತು. ಹಬ್ಬದ ದಿನಾನೂ ಇತ್ತು. ನಾನು ಕೀಳೋದು ಮರೆತಿದ್ದೆ. ದೂಳಲ್ಲ. ಪೊಟ್ಟಣದ್ದೂ ಅಲ್ಲ."

ಟೀಚರ್ ಪೊರೆಯ ಮೇಲಿನ ಕೆಂಪಕ್ಷರವನ್ನು ಬೆರಳಿಟ್ಟು ಓದುತ್ತಾರೆ, ಮಕ್ಕಳ ಕಾಪಿ ನೋಡುವವರ ಹಾಗೆ. ಎದುರಿನಲ್ಲಿ ಲಿಯಾವ್ ಗಿರಾಕಿಗೆ ಚಿಲ್ಲರೆ ಕೊಡುವುದನ್ನು ನಿಲ್ಲಿಸಿದ್ದಾರೆ.

"ಯಾವತ್ತು ಗೊತ್ತಾಯ್ತು ನಿಮಗೆ?"

"ನೀವು ತಂದ್ಕೊಟ್ರಲ್ಲ, ಅದರ ಮಾರನೇ ದಿನ."

"ಆಗ ಕುನ್ ಚಿಕ್ಕಪ್ಪ ಇದ್ರು."

"ಇದ್ರು."

"ಚಿತ್ರ ಆಮೇಲೆ ಆರು ಗಂಟೇಲಿ ಮುಗೀತು, ಒಂದು ಸಲಾನೂ ಆರದೆ. ಅವತ್ತೇ ಫೋನ್ ಮಾಡಿದ್ರೆ ಬರ್ತಿದ್ರೇನೋ ಚಿಕ್ಕಪ್ಪ. ನಾನು ಮಾಡ್ಲಿಲ್ಲ. ಯಾವ ಮುಖ ಇಟ್ಕೊಂಡು ಕರೀಲಿ ಅಂತ. ಪೊಟ್ಟಣ ಇಟ್ಟು ಕೆಡಿಸಿದ ಪೆದ್ದಿ ಅಂತ ನನಗೆ ನಾನೇ ಬೈಕೊಂಡು, ಮುಂದಿನ ವರ್ಷ ಕರೆದ್ರಾಯ್ತು ಅಂತ ಬಿಟ್ಟೆ." ದನಿ ಏರುವುದಿಲ್ಲ. "ಅವರು ಹೋದ್ಮೇಲೆ ಉಳಿದ ಇಬ್ಬರಿಗೂ ತೋರಿಸ್ಲಿಲ್ಲ. ಡೋಲಿನ ಪೆಟ್ಟು ಬೀಳದೆ ನಮ್ಮಲ್ಲಿ ಆಟ ಶುರುವಾಗಲ್ಲ. ಎಂಟು ವರ್ಷದಿಂದ ಹಾಗೇ ಇದೆ, ಇದರೊಳಗೆ."

ಫಾ ತಲೆ ತಗ್ಗಿಸಿ ನಿಂತಿದ್ದಾರೆ. "ಕ್ಷಮಿಸಿ ಅಂತ ಕೇಳೋಕೂ ನಾಚಿಕೆ ಆಗುತ್ತೆ ಟೀಚರ್."

"ಕೇಳ್ಬೇಡಿ. ಮರೆತದ್ದಕ್ಕೆ ನಂಗೇನಿಲ್ಲ, ನನ್ನ ಶಾಲೇಲಿ ದಿನಾ ಮೂವತ್ತು ಮಕ್ಕಳು ಏನಾದ್ರೂ ಮರೀತಿದ್ರು. ದೂಳು ಅಂದ್ರಲ್ಲ, ಅದು." ಸೀಬೆಹಣ್ಣಿನ ಚೀಲವನ್ನು ಮೇಜಿನ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಲಿಯಾವ್ ಮೆಲ್ಲಗೆ ಬಂದು, "ಟೀಚರ್, ಅವತ್ತು ನಾನೂ ನಕ್ಕಿದ್ದೆ," ಎನ್ನುತ್ತಾರೆ.

"ನೆನಪಿದೆ. ನಿಮ್ಮದೇ ಜೋರು ನಗು."

ಟೀಚರ್ ಫಾ ಜೇಬಿನ ಪೆನ್ನು ಕೇಳಿ ತೆಗೆದುಕೊಂಡು, ಖಾಲಿ ಜಾಗದಲ್ಲಿ ಹೆಸರು ಬರೆಯುತ್ತಾರೆ. ತಮ್ಮದಲ್ಲ. ಕುನ್ ಅವರದು, ಪೂರ್ತಿ ಹೆಸರು, ಶಾಲೆಯ ಕರಿಹಲಗೆಯ ಅಚ್ಚುಕಟ್ಟಿನ ಅಕ್ಷರದಲ್ಲಿ. ಪುಸ್ತಕ ಮುಚ್ಚಿ ಕೊಡುತ್ತ ಹೇಳುತ್ತಾರೆ:

"ಬರೋ ಭಾನುವಾರ ಹುವೇಯ್‌ಗೆ ಬನ್ನಿ. ಯಂತ್ರ ನೀವೇ ಹೊತ್ಕೊಂಡು ಬರ್ಬೇಕು. ಶೂಯ್ ಚಿಕ್ಕಪ್ಪಂಗೆ ಕಿವಿ ಕೇಳಲ್ಲ, ತಿಯಾನ್ ಚಿಕ್ಕಪ್ಪ ಮಾತಾಡಿದ್ದೇ ಮಾತಾಡ್ತಾರೆ. ಇಬ್ಬರಿಗೂ ನೀವೇ ಹೇಳ್ಬೇಕು, ಅವತ್ತು ಯಾಕೆ ಆಟ ಆಗ್ಲಿಲ್ಲ ಅಂತ. ಶೂಯ್ ಚಿಕ್ಕಪ್ಪಂಗೆ ಕೂಗಿ ಹೇಳ್ಬೇಕು, ಬೀದಿಗೆಲ್ಲ ಕೇಳುತ್ತೆ."

"ಕೂಗ್ತೀನಿ."

"ಆಮೇಲೆ ಎರಡು ಗಂಟೆ ಯಂತ್ರ ಆರಬಾರ್ದು."

"ಆರಲ್ಲ ಟೀಚರ್."

ಟೀಚರ್ ಎದ್ದು ಖಾಲಿ ಗಾಡಿ ಎಳೆದುಕೊಂಡು ಹೋಗುತ್ತಾರೆ, ಸೀಬೆಹಣ್ಣನ್ನೂ ತೆಗೆದುಕೊಂಡು. ಈ ವರ್ಷ ಹಣ್ಣಿಲ್ಲ ಎನ್ನುತ್ತಾರೆ ಲಿಯಾವ್, ನಗದೆ. ಮೆಟ್ಟಿಲ ಹತ್ತಿರ ಟೀಚರ್ ನಿಂತು ತಿರುಗಿ, "ಪೊಟ್ಟಣ ನಾನು ತರ್ತೀನಿ," ಎಂದು ಕೂಗಿ ಹೇಳಿ ಇಳಿದು ಹೋಗುತ್ತಾರೆ.

ಬುಧವಾರ ಬೆಳಗಿನ ಐದೂವರೆಗೆ ಫಾ ಆ ಯಂತ್ರವನ್ನು ಬಿಚ್ಚಿ, ಹಳೇ ಪೇಸ್ಟು ಒರೆಸಿ, ಹೊಸದು ಹಚ್ಚಿ, ತಿರುಪುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದಿದ್ದಾರೆ. ತಾಮ್ರದ ತಳವನ್ನು ಮೂರು ಸಲ ಉಗುರಿನಿಂದ ಗೀರಿ ನೋಡಿದ್ದಾರೆ, ಎಂಟು ವರ್ಷದ ಹಿಂದೆಯೇ ಪೊರೆ ಕಿತ್ತಿದ್ದರೂ. ಪರದೆಯ ಮೇಲೆ ಅಂಕಿ ಅರವತ್ತೆರಡಕ್ಕೆ ಬಂದು ನಿಂತಿದೆ. ಬೆರಳ ಹಿಂಬದಿ ರೆಕ್ಕೆಯ ಮೇಲಿದೆ, ರೆಕ್ಕೆ ಬೆಚ್ಚಗಿದೆ. ಭಾನುವಾರ ಹುವೇಯ್‌ಗೆ ಏಳೂಕಾಲಿನ ಬಸ್ಸು. ಮೊದಲು ಕೂಗುವುದು, ಆಮೇಲೆ ಆಟ.

"ಕುರ್ಚಿ ಬೇಡ ಅಂತ ಹೇಳಿದೀನಿ," ಎನ್ನುತ್ತಾರೆ ಫಾ. "ಯಂತ್ರದ ಪಕ್ಕ ನೆಲದ ಮೇಲೆ ಕೂರ್ತೀನಿ, ಎರಡು ಗಂಟೆ. ಪೊಟ್ಟಣ ಎಲ್ಲಿ ಬೇಕಾದ್ರೂ ಇಡ್ಲಿ ಟೀಚರ್. ಜಾಲರಿ ಮೇಲೇ ಇಟ್ರೂ ನಾಲ್ಕು ಬೆರಳು ಪಕ್ಕಕ್ಕೆ ಸರಿಸ್ತೀನಿ, ಅಷ್ಟೇ. ಪೊಟ್ಟಣ ಇಡೋದು ಅವರ ಕೆಲಸ. ಕೈ ಇಡೋದು ನನ್ನ ಕೆಲಸ."